ಗಣಕಯಂತ್ರದ ಮೂರ್ಛೆಯೂ ಅದರ ನಿದಾನವೂ

ಕಳೆದ ವೈಶಾಖಮಾಸದಲ್ಲಿ ನಮ್ಮಿಂದ ಒಂದು ಅನ್ಯಾಯವು ಘಟಿಸಿತು. ಅದನ್ನು ಮೊದಲು ಒಪ್ಪಿಕೊಂಡು ಅನಂತರ ವಿಷಯಕ್ಕೆ ಬರುವುದೇ ಯುಕ್ತವು.

ತೆಲಸಂಗದ ಸುತ್ತಣ ಒಕ್ಕಲುತನದ ಶಬ್ದಗಳನ್ನು, ಎಂದರೆ ಕುಂಟೆ, ಕೂರಿಗೆ, ಕಣ, ರಾಶಿಗಳ ಮಾತುಗಳನ್ನು, ನಿವೃತ್ತರಾದಂದಿನಿಂದ ನಾವು ಮನೆಯ ಗಣಕಯಂತ್ರದಲ್ಲಿ ಸಂಗ್ರಹಿಸುತ್ತ ಬಂದಿರುವೆವು. ಆ ಯಂತ್ರವು ಇದ್ದಕ್ಕಿದ್ದಂತೆ ನೀಲಿಯ ಪರದೆಯನ್ನು ತೋರಿಸಿ ಮೂರ್ಛೆಹೋಗತೊಡಗಿತು. ಮೊಮ್ಮಗನ ಆಟಗಳೇ ಇದಕ್ಕೆ ಕಾರಣವೆಂದು ನಿಶ್ಚಯಿಸಿ, ವಿಚಾರಿಸದೆಯೇ ಅವನನ್ನು ಗದರಿಸಿ, ಯಂತ್ರವನ್ನು ಮುಟ್ಟಕೂಡದೆಂದು ವಿಧಿಸಿದೆವು. ದುರಸ್ತಿಯವರೊಬ್ಬರು ಎರಡು ಸಲ ತಂತ್ರಾಂಶವನ್ನೆಲ್ಲ ಹೊಸದಾಗಿ ತುಂಬಿಕೊಟ್ಟರು. ಹುಡುಗನು ದೂರವಿದ್ದರೂ ಮೂರ್ಛೆಯು ದೂರವಾಗಲಿಲ್ಲ.

ಆಗ ನಮಗೆ ನಮ್ಮದೇ ಶಾಸ್ತ್ರದ ನೆನಪಾಯಿತು. ಒಂದು ಇದ್ದಾಗ ಇನ್ನೊಂದು ಇರುವುದು ಅನ್ವಯ. ಅದು ಇಲ್ಲದಾಗ ಇದೂ ಇಲ್ಲದಿರುವುದು ವ್ಯತಿರೇಕ. ಇವೆರಡೂ ಕೂಡಿಬಂದಲ್ಲದೆ ಕಾರಣವನ್ನು ಹೇಳಬಾರದೆಂದು ನಾವು ಎಷ್ಟೋ ವರ್ಷ ಮಕ್ಕಳಿಗೆ ಕಲಿಸಿದ್ದೆವು. ಹುಡುಗನಿಲ್ಲದೆಯೂ ದೋಷವಿದ್ದ ಮೇಲೆ ಅವನು ಕಾರಣನಲ್ಲವೆಂಬುದು ಸ್ಪಷ್ಟವಲ್ಲವೆ? ತಂತ್ರಾಂಶವನ್ನು ಬದಲಿಸಿದರೂ ದೋಷವು ಉಳಿಯಿತಾದ್ದರಿಂದ, ರೋಗವು ಯಂತ್ರದ ಶರೀರದಲ್ಲಿಯೇ ಇರಬೇಕೆಂದು ತರ್ಕಿಸಿದೆವು.

ಪರೀಕ್ಷೆಗೆ ಮೊದಲು ಬರಹಗಳನ್ನು ಬೇರೆ ಸಾಧನದಲ್ಲಿ ಪ್ರತಿಮಾಡಿಕೊಳ್ಳತಕ್ಕದ್ದು. ಆದರೆ ಹಳೆಯ ಪ್ರತಿಯನ್ನು ಅಳಿಸಬಾರದು. ಆಮೇಲೆ ವಿದ್ಯುತ್ತಿನ ತಂತಿಯನ್ನು ಕಿತ್ತು, ಪೆಟ್ಟಿಗೆಯ ಬಣ್ಣವಿಲ್ಲದ ಲೋಹವನ್ನು ಮುಟ್ಟಿ, ಮೈಯಲ್ಲಿಯ ಸ್ಥಾಯೀ ವಿದ್ಯುತ್ತನ್ನು ಕಳೆದುಕೊಂಡು ಪೆಟ್ಟಿಗೆಯನ್ನು ತೆರೆಯಬೇಕು. ಒಳಗಿರುವ ವಿದ್ಯುತ್ ಪೂರೈಕೆಯ ಡಬ್ಬಿಯನ್ನು ಮಾತ್ರ ಎಂದಿಗೂ ಬಿಚ್ಚಕೂಡದು. ತಂತಿ ಕಿತ್ತ ಮೇಲೆಯೂ ಅದರಲ್ಲಿ ಅಪಾಯಕರವಾದ ವಿದ್ಯುತ್ತು ಉಳಿದಿರುವುದುಂಟು.

ಮೊದಲನೆಯ ಸಂದೇಹವು ಉಷ್ಣದ ಮೇಲೆ. ನಮ್ಮ ಬಯಲುಸೀಮೆಯ ಧೂಳು ಪಂಖದ ರೆಕ್ಕೆಗಳಿಗೆ ಮೆತ್ತಿ ಗಾಳಿಯನ್ನು ತಡೆಯುತ್ತದೆ; ಅತಿಯಾಗಿ ಕಾದ ಯಂತ್ರವು ತನ್ನನ್ನು ಉಳಿಸಿಕೊಳ್ಳಲು ತಾನೇ ಆರಿಹೋಗುತ್ತದೆ. ಧೂಳನ್ನು ತೆಗೆದೆವು, ಫಲವಾಗಲಿಲ್ಲ. ಎರಡನೆಯದು ವಿದ್ಯುತ್ತಿನ ಏರಿಳಿತದ ಮೇಲೆ. ಯಂತ್ರವನ್ನು ಬೇರೊಂದು ಮನೆಯಲ್ಲಿ, ಯು.ಪಿ.ಎಸ್. ಆಶ್ರಯದಲ್ಲಿ ನಡೆಸಿದೆವು, ಅಲ್ಲಿಯೂ ಮೂರ್ಛೆಹೋಯಿತು. ಮೂರನೆಯದು ರ್‍ಯಾಮ್ ಎಂಬ ತಾತ್ಕಾಲಿಕ ಸ್ಮೃತಿಯ ಮೇಲೆ. ಅದರ ಎರಡು ಪಟ್ಟಿಗಳಲ್ಲಿ ಒಂದನ್ನು ತೆಗೆದಿಟ್ಟು ನೋಡಲಾಗಿ, ನಾಲ್ಕು ದಿನ ಯಂತ್ರವು ಸ್ವಸ್ಥವಾಗಿತ್ತು. ಅದೇ ಸ್ಥಾನದಲ್ಲಿ ಇನ್ನೊಂದನ್ನೇ ಕೂಡಿಸಲು, ಗಳಿಗೆಯೊಳಗೆ ಮೂರ್ಛೆ! ಸ್ಥಾನವು ಒಂದೇ ಆದುದರಿಂದ ದೋಷವು ಪಟ್ಟಿಯದೇ ಎಂದು ಸಿದ್ಧವಾಯಿತು. ಮೆಮ್‌ಟೆಸ್ಟ್86+ ಎಂಬ ಉಚಿತ ಪರೀಕ್ಷಾತಂತ್ರವನ್ನು ರಾತ್ರಿಯೆಲ್ಲ ನಡೆಸಲು, ಅದೂ ತಪ್ಪುಗಳ ಸಾಲನ್ನೇ ತೋರಿಸಿ ನಮ್ಮ ನಿರ್ಣಯವನ್ನು ಸಮರ್ಥಿಸಿತು.

ಇಂತಹ ದೋಷವು ಹೊಸದೇನೂ ಅಲ್ಲ. 1947ನೆಯ ಸೆಪ್ಟೆಂಬರ 9ರಂದು ಅಮೇರಿಕೆಯ ಹಾರ್ವರ್ಡಿನಲ್ಲಿ ಮಾರ್ಕ್ 2 ಎಂಬ ಗಣಕಯಂತ್ರದ ರಿಲೇಯಲ್ಲಿ ಒಂದು ಪತಂಗವು ಸಿಕ್ಕಿಕೊಂಡಿದ್ದಿತು. ಅಲ್ಲಿಯವರು ಅದನ್ನು ತೆಗೆದು ದಿನಚರಿಯ ಪುಟಕ್ಕೆ ಅಂಟಿಸಿದರು. ಆ ಪುಟವು ಸ್ಮಿತ್‌ಸೋನಿಯನ್ ಸಂಸ್ಥೆಯ ಸಂಗ್ರಹಾಲಯದಲ್ಲಿದೆ. ಅವರು ಊಹಿಸಿ ಯಾರನ್ನೂ ದೂರಲಿಲ್ಲ, ತೆರೆದು ನೋಡಿದರು.

ಕೆಟ್ಟ ಸ್ಮೃತಿಯ ಮೂಲಕ ಹಾಯ್ದ ಬರಹವು ಸದ್ದಿಲ್ಲದೆ ಕೆಡುವುದುಂಟು. ನಮ್ಮ ಶಬ್ದಸಂಗ್ರಹದ ಒಂದು ಕಡತವು ಹಾಗೆಯೇ ತೆರೆಯದಂತಾಯಿತು. ಹಳೆಯ ಪ್ರತಿಯೊಂದು ಇದ್ದುದರಿಂದ ಎರಡು ತಿಂಗಳ ಶ್ರಮವಷ್ಟೇ ನಷ್ಟವಾಯಿತು. ಅದನ್ನು ಪುನಃ ಬರೆಯಬಹುದು.

ಆದರೆ ಮೊಮ್ಮಗನ ಮನಸ್ಸು? ಅವನನ್ನು ಕರೆದು, ಕೆಟ್ಟ ಪಟ್ಟಿಯನ್ನು ಅವನ ಕೈಯಲ್ಲಿಟ್ಟು, “ತಪ್ಪು ಇದರದು, ನಿನ್ನದಲ್ಲ; ಅವಸರವು ನಮ್ಮದು” ಎಂದೆವು. ಅವನು ಅದನ್ನು ಹೊರಳಿಸಿ ನೋಡಿ, “ಅಜ್ಜಾ, ಹಂಗಾದ್ರ ಇನ್ನ ಮುಟ್ಟಲೇನು?” ಎಂದು ಕೇಳಿದನು. ವಾಚಕರೇ, ಯಂತ್ರದ ನಿದಾನವು ಒಂದು ವಾರದಲ್ಲಿ ಮುಗಿಯಿತು. ಆ ಪ್ರಶ್ನೆಯು ಮಾತ್ರ ನಮ್ಮನ್ನು ಇನ್ನೂ ಬಿಟ್ಟಿಲ್ಲ.