ಸೈಕಲ್ ಸವಾರಿಗೆ ಎತ್ತರದ ಲೆಕ್ಕ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆ ಸೈಕಲ್ ಸವಾರರಿಗೆ ಹೇಳಿ ಮಾಡಿಸಿದಂತಿದೆ. ರಜೆ ಬಂತೆಂದರೆ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಕಡೆಯ ಹುಡುಗ ಹುಡುಗಿಯರು ನಾಲ್ಕಾರು ಮಂದಿ ಸೇರಿ ಸೈಕಲ್ ಮೇಲೆ ಎಲ್ಲಿಗಾದರೂ ಹೋಗಿಬರುವ ಯೋಚನೆ ಮಾಡುತ್ತಾರೆ. ‘ಎಷ್ಟು ಕಿಲೋಮೀಟರ್?’ ಎಂದು ಮನೆಯವರು ಕೇಳುತ್ತಾರೆ. ‘ಎಷ್ಟು ಏರು?’ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಹೋಗುವಾಗ ಹಾಡಿಕೊಂಡು ಹೋದ ಮಕ್ಕಳು ಬರುವಾಗ ನಡುಮಧ್ಯಾಹ್ನದ ಬಿಸಿಲಿನಲ್ಲಿ, ಲಾರಿಗಳು ಭರ್ರನೆ ಸಾಗುವ ಹೆದ್ದಾರಿಯ ಅಂಚಿನಲ್ಲಿ ಸೈಕಲ್ ತಳ್ಳಿಕೊಂಡು ಬರಬೇಕಾಗುವುದು ಈ ಕೇಳದೆ ಬಿಟ್ಟ ಪ್ರಶ್ನೆಯಿಂದಲೇ.

ಲೆಕ್ಕ ಬಹಳ ಸರಳ. ಐವತ್ತು ಕಿಲೋ ತೂಕದ ವಿದ್ಯಾರ್ಥಿ, ಇಪ್ಪತ್ತು ಕಿಲೋ ತೂಕದ ಸೈಕಲ್, ಒಟ್ಟು ಎಪ್ಪತ್ತು ಕಿಲೋ ಎಂದಿಟ್ಟುಕೊಳ್ಳೋಣ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 12 ಕಿ.ಮೀ. ವೇಗದಲ್ಲಿ ಹೋಗುವಾಗ ಗಾಳಿಯೂ ಚಕ್ರದ ಉಜ್ಜಾಟವೂ ಸೇರಿ ಸುಮಾರು 10 ನ್ಯೂಟನ್ ಬಲದಿಂದ ಹಿಂದಕ್ಕೆ ಎಳೆಯುತ್ತವೆ. ರಸ್ತೆ 100 ಮೀಟರಿಗೆ ಬರೀ 2 ಮೀಟರ್ ಏರಿದರೆ ಗುರುತ್ವಾಕರ್ಷಣೆ ಇನ್ನೂ 14 ನ್ಯೂಟನ್ ಸೇರಿಸುತ್ತದೆ. ಕಣ್ಣಿಗೆ ಏರೆಂದೇ ತೋರದ ರಸ್ತೆಯಲ್ಲಿ ಕಾಲಿನ ಕೆಲಸ ಎರಡೂವರೆ ಪಟ್ಟಿನ ಹತ್ತಿರಕ್ಕೆ ಹೋಗುತ್ತದೆ. ಗೇರುಗಳಿರುವ ಸೈಕಲ್ಲಾದರೆ ನಿಧಾನವಾಗಿಯಾದರೂ ಏರಬಹುದು. 2006–07ರಿಂದ ಹಲವು ವರ್ಷ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಕೊಟ್ಟಂಥ ಸಾದಾ ಸೈಕಲ್ಲಿಗೆ ಆ ಅನುಕೂಲವಿಲ್ಲ.

ಯೂರೋಪಿನ ಆಲ್ಪ್ಸ್ ಪರ್ವತಗಳಿಗೆ ರಜೆಯಲ್ಲಿ ಹೋಗುವ ಕುಟುಂಬಗಳು ಈ ಲೆಕ್ಕವನ್ನು ಚೆನ್ನಾಗಿ ಬಲ್ಲವು. 2,757 ಮೀಟರ್ ಎತ್ತರದ ಸ್ಟೆಲ್ವಿಯೊ ಘಟ್ಟವನ್ನು ಏರುವುದು ಪಳಗಿದ ಸವಾರರ ಪಾಡು. ಮಕ್ಕಳೊಂದಿಗೆ ಬಂದವರು ನದಿಯ ದಂಡೆ ಹಿಡಿಯುತ್ತಾರೆ. ಇಟಲಿಯ ಸಾನ್ ಕಾಂದಿದೊ ಊರಿನಿಂದ ಆಸ್ಟ್ರಿಯದ ಲೀಎಂಟ್ಸ್ ಊರಿಗೆ ಡ್ರಾವಾ ನದಿಯ ಜೊತೆಯಲ್ಲೇ ಸಾಗುವ ಸೈಕಲ್ ದಾರಿ ಸುಮಾರು 44 ಕಿ.ಮೀ. ಉದ್ದವಿದೆ. ಅಷ್ಟರಲ್ಲಿ ಸುಮಾರು 500 ಮೀಟರ್ ಇಳಿಜಾರು. ಇಳಿದು ಹೋದವರು ಸೈಕಲ್ಲನ್ನೂ ರೈಲಿಗೇರಿಸಿಕೊಂಡು ಹಿಂದಿರುಗುತ್ತಾರೆ. ಸುತ್ತ ಪರ್ವತಗಳಿದ್ದರೂ ಸವಾರಿ ಹಗುರ.

ಈ ಸೀಮೆಯ ಪರಿಸ್ಥಿತಿ ಬೇರೆ. ನಂದಿಯ ಸುತ್ತಲಿನ ಬೆಟ್ಟಗಳು ನದಿಗಳು ಹುಟ್ಟುವ ಜಾಗ. ಇಳಿದು ಹೋದರೆ ಮತ್ತೆ ಏರಿಯೇ ಬರಬೇಕು. ನಾಲ್ಕೂ ಊರುಗಳು ಒಂದೇ ಹೆದ್ದಾರಿಯಲ್ಲಿ ದಾರಕ್ಕೆ ಪೋಣಿಸಿದ ಮಣಿಗಳಂತಿವೆ. ಸಮುದ್ರಮಟ್ಟದಿಂದ ಚಿಕ್ಕಬಳ್ಳಾಪುರ ಸುಮಾರು 915 ಮೀಟರ್, ಶಿಡ್ಲಘಟ್ಟ 880, ಚಿಂತಾಮಣಿ 860 ಮೀಟರ್ ಎತ್ತರದಲ್ಲಿವೆ. ಉತ್ತರ ಪಿನಾಕಿನಿಯ ದಂಡೆಯ ಗೌರಿಬಿದನೂರು ಮಾತ್ರ 700 ಮೀಟರಿನ ಆಸುಪಾಸಿನಲ್ಲಿ, ಬಹಳ ಕೆಳಗಿದೆ.

ಹಾಗಾಗಿ ಚಿಕ್ಕಬಳ್ಳಾಪುರದಿಂದ ಮಂಚೇನಹಳ್ಳಿ ಮಾರ್ಗವಾಗಿ ಗೌರಿಬಿದನೂರಿಗೆ ಹೊರಟ ವಿದ್ಯಾರ್ಥಿಗೆ ಸುಮಾರು ಮೂವತ್ತೈದು ಕಿ.ಮೀ. ದಾರಿಯಲ್ಲಿ ಇನ್ನೂರು ಮೀಟರಿಗಿಂತ ಹೆಚ್ಚು ಇಳಿಜಾರು ಸಿಗುತ್ತದೆ. ಸರಾಸರಿ ಲೆಕ್ಕದಲ್ಲಿ ಹೋಗುವಾಗ 10 ನ್ಯೂಟನ್ ಬದಲು 6 ಸಾಕು. ಅದೇ ವೇಗದಲ್ಲಿ ಬರುವಾಗ 14 ಬೇಕು. ದಣಿದ ಕಾಲಿಗೆ ಎರಡು ಪಟ್ಟಿಗಿಂತ ಹೆಚ್ಚಿನ ಕೆಲಸ! ಇದರಿಂದ ಒಂದು ನಿಯಮ ತಾನಾಗಿಯೇ ಹೊರಡುತ್ತದೆ: ಕಾಲಿನಲ್ಲಿ ಕಸುವಿರುವಾಗ ಏರು, ದಣಿವಾದ ಮೇಲೆ ಇಳಿಜಾರು. ಗೌರಿಬಿದನೂರಿನ ಮಕ್ಕಳು ಮಂಚೇನಹಳ್ಳಿ ಕಡೆಗೆ ಏರಿ, ಸಾಕೆನಿಸಿದಲ್ಲಿ ತಿರುಗಿದರೆ ಮನೆಗೆ ಬರುವುದು ಸುಲಭ. ಚಿಕ್ಕಬಳ್ಳಾಪುರದ ಮಕ್ಕಳಿಗೆ ಅದೇ ರಸ್ತೆಯಲ್ಲಿ ರಂಗಸ್ಥಳದ ದೇವಾಲಯದವರೆಗೆ ಹೋಗಿಬಂದರೆ ಸಾಕು.

ಸರಾಸರಿಯನ್ನು ಪೂರ್ತಿ ನಂಬುವಂತೆಯೂ ಇಲ್ಲ. ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ಇಪ್ಪತ್ತು ಮೀಟರ್ ವ್ಯತ್ಯಾಸ ಎಂದರೆ ನಡುವೆ ದಿಣ್ಣೆಗಳೇ ಇಲ್ಲವೆಂದು ಅರ್ಥವಲ್ಲ. ಅದನ್ನು ತಿಳಿಯಲು ಸಮಾಜವಿಜ್ಞಾನದ ಪಾಠದಲ್ಲಿ ಬರುವ ಸಮೋನ್ನತಿ ರೇಖೆಗಳು ಉಪಯೋಗಕ್ಕೆ ಬರುತ್ತವೆ. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ನಕ್ಷೆಯಲ್ಲಿ 2 ಸೆಂ.ಮೀ. ಎಂದರೆ ನೆಲದ ಮೇಲೆ 1 ಕಿ.ಮೀ. ಸಾಮಾನ್ಯವಾಗಿ ಒಂದು ರೇಖೆಗೂ ಮುಂದಿನದಕ್ಕೂ 20 ಮೀಟರ್ ಎತ್ತರದ ಅಂತರ. ಹೋಗಬೇಕಾದ ರಸ್ತೆ ಮೇಲ್ಮುಖವಾಗಿ ಎಷ್ಟು ರೇಖೆಗಳನ್ನು ದಾಟುತ್ತದೆಂದು ಎಣಿಸಿ 20ರಿಂದ ಗುಣಿಸಿದರೆ ಏರಿನ ಅಂದಾಜು ಸಿಗುತ್ತದೆ. ಹತ್ತಿರ ಹತ್ತಿರ ಒತ್ತಿಕೊಂಡಿರುವ ರೇಖೆಗಳು ಕಂಡರೆ ಆ ದಾರಿಯನ್ನು ಬಿಡುವುದೇ ಲೇಸು.

ನಕ್ಷೆ ಸಿಗದವರಿಗೆ ರೈಲು ಹಳಿ ಇದೆ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿಗೆ ಹಿಡಿತ ಕಡಿಮೆ. ಆದ್ದರಿಂದ ಇಂಜಿನಿಯರುಗಳು ಹಳಿ ಹಾಕುವಾಗ ಕಡಿಮೆ ಏರಿನ ನೆಲವನ್ನೇ ಹುಡುಕುತ್ತಾರೆ. ಹಿಂದೆ ನ್ಯಾರೋ ಗೇಜ್ ರೈಲು ಓಡುತ್ತಿದ್ದ, 2013ರಲ್ಲಿ ಬ್ರಾಡ್ ಗೇಜ್ ಆಗಿ ಮತ್ತೆ ತೆರೆದ ಚಿಕ್ಕಬಳ್ಳಾಪುರ–ಶಿಡ್ಲಘಟ್ಟ–ಚಿಂತಾಮಣಿ–ಕೋಲಾರ ಮಾರ್ಗ ಅಂಥದ್ದು. ಹಳಿಗೆ ಸಮೀಪದ ಹಳ್ಳಿ ರಸ್ತೆಗಳಲ್ಲಿ ಏರು ಕಡಿಮೆಯಿರುವ ಸಂಭವ ಹೆಚ್ಚು. ಹೆದ್ದಾರಿಯ ಲಾರಿಗಳ ಕಾಟವೂ ತಪ್ಪುತ್ತದೆ.

ಕಣ್ಣಿಗೆ ಕಾಣದ ಏರು ಇನ್ನೊಂದಿದೆ. ಅದು ಎದುರುಗಾಳಿ. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. 12 ಕಿ.ಮೀ. ವೇಗದ ಸವಾರನಿಗೆ 12 ಕಿ.ಮೀ. ವೇಗದ ಎದುರುಗಾಳಿ ಬಂದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ, ಚಳಿಗಾಲದಲ್ಲಿ ಪೂರ್ವದಿಂದ. ಚಿಂತಾಮಣಿಯ ಮಕ್ಕಳು ಮಳೆಗಾಲದಲ್ಲಿ ಶಿಡ್ಲಘಟ್ಟದ ಕಡೆಗೆ ಹೊರಟರೆ ಗಾಳಿಗೂ ಏರಿಗೂ ಮೊದಲೇ ಎದುರಾಗುತ್ತಾರೆ. ಬರುವಾಗ ಎರಡೂ ಅವರ ಬೆನ್ನಿಗಿರುತ್ತವೆ.

ಎಲ್ಲ ಲೆಕ್ಕ ಮುಗಿದ ಮೇಲೂ ಮಕ್ಕಳ ಮನಸ್ಸು ಸುಳಿಯುವುದು 1,478 ಮೀಟರ್ ಎತ್ತರದ ನಂದಿಬೆಟ್ಟದ ಸುತ್ತಲೇ. ಬುಡದಿಂದ ಸುಮಾರು ಎಂಟು ಕಿ.ಮೀ. ತಿರುವು ರಸ್ತೆ, ಸುಮಾರು 450 ಮೀಟರ್ ಏರು. ಸಾದಾ ಸೈಕಲ್ಲಿನಲ್ಲಿ ತಳ್ಳಿಕೊಂಡಾದರೂ ಮೇಲೆ ಹೋದೇವು ಎನ್ನುವವರಿದ್ದಾರೆ. ನಿಜವಾದ ಅಪಾಯ ಇಳಿಯುವಾಗ. ಮೇಲೆ ತಲುಪಿದಾಗ ಆ ಎಪ್ಪತ್ತು ಕಿಲೋದಲ್ಲಿ ಕೂಡಿರುವ ಪ್ರಚ್ಛನ್ನ ಶಕ್ತಿ 70 × 9.8 × 450, ಅಂದರೆ ಮೂರು ಲಕ್ಷ ಜೂಲ್‌ಗೂ ಮಿಕ್ಕಿದ್ದು. ಒಂದು ಲೀಟರ್ ತಣ್ಣೀರನ್ನು ಹೆಚ್ಚೂಕಡಿಮೆ ಕುದಿಯುವ ಮಟ್ಟಕ್ಕೆ ತರಲು ಅಷ್ಟು ಶಕ್ತಿ ಸಾಕು. ನಿಧಾನವಾಗಿ ಇಳಿದರೆ ಅದರ ಬಹುಪಾಲು ಶಾಖವಾಗಿ ಬ್ರೇಕಿನ ರಬ್ಬರು ಮತ್ತು ಚಕ್ರದ ರಿಮ್ಮಿಗೆ ಸೇರುತ್ತದೆ. ಬ್ರೇಕ್ ಬಿಟ್ಟರೆ ಪೆಡಲ್ ತುಳಿಯದೆಯೇ ವೇಗ ಗಂಟೆಗೆ 30 ಕಿ.ಮೀ. ದಾಟುತ್ತದೆ. ವೇಗ ಎರಡು ಪಟ್ಟಾದರೆ ನಿಲ್ಲಿಸಲು ಬೇಕಾದ ಕೆಲಸ ನಾಲ್ಕು ಪಟ್ಟು. ಸವೆದ ರಬ್ಬರು, ಒದ್ದೆ ರಿಮ್ಮು, ಎದುರು ತಿರುವಿನಲ್ಲಿ ಬರುವ ಕಾರು—ಈ ಮೂರೂ ಒಟ್ಟಿಗೆ ಸೇರಿದರೆ ಆಗುವುದನ್ನು ಬಿಡಿಸಿ ಹೇಳಬೇಕಿಲ್ಲ. ಸಾದಾ ಸೈಕಲ್ಲಿನಲ್ಲಿ ಮಕ್ಕಳನ್ನು ಆ ಬೆಟ್ಟಕ್ಕೆ ಕಳಿಸದಿರುವುದೇ ವಿವೇಕ.

ಬೆಟ್ಟ ಏರದಿದ್ದರೆ ನೋಡಲು ಏನೂ ಇಲ್ಲವೆಂದೇನಿಲ್ಲ. ಬೆಟ್ಟದ ಬುಡದ ನಂದಿ ಗ್ರಾಮದಲ್ಲಿ ಭೋಗನಂದೀಶ್ವರ ದೇವಾಲಯವಿದೆ. 1861ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿ ಚಿಕ್ಕಬಳ್ಳಾಪುರದಿಂದ ಹತ್ತು ಕಿ.ಮೀ. ಒಳಗೇ ಇದೆ. ಗೌರಿಬಿದನೂರಿನವರಿಗೆ 1938ರ ಏಪ್ರಿಲ್‌ನಲ್ಲಿ ಧ್ವಜ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ ವಿದುರಾಶ್ವತ್ಥ ಹತ್ತಿರವೇ. ಚಿಂತಾಮಣಿಯವರಿಗೆ ಕೈವಾರವಿದೆ.

ಹೊರಡುವ ಮುನ್ನ ತಂದೆ ತಾಯಿಗಳು ನೋಡಬೇಕಾದ್ದು ಕೆಲವೇ. ಸೀಟಿನ ಮೇಲೆ ಕೂತು, ಕೆಳಗಿರುವ ಪೆಡಲಿನ ಮೇಲೆ ಹಿಮ್ಮಡಿ ಇಟ್ಟಾಗ ಕಾಲು ನೇರವಾಗಬೇಕು. ಸೀಟು ತಗ್ಗಿದ್ದರೆ ಮಂಡಿ ನೋಯುತ್ತದೆ. ಎರಡೂ ಬ್ರೇಕು ಹಿಡಿಯಬೇಕು. ಬೆಳಕು ಹರಿದ ಮೇಲೆ ಹೊರಟು, ಬಿಸಿಲೇರುವ ಮೊದಲು ಮನೆ ಸೇರಬೇಕು. ಡಿಸೆಂಬರ್, ಜನವರಿಯಲ್ಲಿ ಮಂಜು ಕರಗುವವರೆಗೆ ಕಾಯಬೇಕು. ಗಂಟೆಗೆ ಅರ್ಧ ಲೀಟರಿನಂತೆ ನೀರು, ಜೊತೆಗೆ ಉಪ್ಪು ಸಕ್ಕರೆ ಹಾಕಿದ ನಿಂಬೆ ಪಾನಕ ಇರಲಿ. ರಸ್ತೆಯ ಎಡಬದಿಯಲ್ಲಿ ಒಬ್ಬರ ಹಿಂದೆ ಒಬ್ಬರು ಸಾಗಲಿ. ಎಲ್ಲರಿಗಿಂತ ನಿಧಾನದವರು ಮುಂದಿರಲಿ.

ಹಿಂದಿನ ರಾತ್ರಿ ವಿದ್ಯಾರ್ಥಿಯೇ ಒಂದು ಹಾಳೆಯಲ್ಲಿ ನಾಲ್ಕು ವಿಷಯ ಬರೆಯಲಿ: ಒಟ್ಟು ದೂರ, ಹೋಗುವಾಗಿನ ಏರು, ಬರುವಾಗಿನ ಏರು, ಮನೆ ಸೇರುವ ಹೊತ್ತು. ಮೂರನೆಯದು ಎರಡನೆಯದಕ್ಕಿಂತ ಕಡಿಮೆಯಿದ್ದರೆ ಅಪ್ಪ ಅಮ್ಮ ಧೈರ್ಯವಾಗಿ ಹೂಂ ಅನ್ನಬಹುದು. ಹೆಚ್ಚಿದ್ದರೆ, ತಿರುಗುವ ಜಾಗವನ್ನು ಇನ್ನಷ್ಟು ಈಚೆಗೆ ತರುವಂತೆ ಹೇಳಿ ಹಾಳೆಯನ್ನು ವಾಪಸು ಕೊಡಬೇಕು.