ಕಾನೂನು ಆಸ್ಪತ್ರೆಯ ಕಪಾಟಿನಲ್ಲಿ, ರೋಗಿ ಬೀದಿಯಲ್ಲಿ

ಆಸ್ಪತ್ರೆ ನಡೆಸುವವರಿಗೆ ಕಾನೂನಿನ ಸಲಹೆ ಸುಲಭವಾಗಿ ದೊರೆಯುತ್ತದೆ. ನೋಂದಣಿ, ಸ್ಕ್ಯಾನಿಂಗ್ ಯಂತ್ರದ ಪರವಾನಿಗೆ, ಆಸ್ಪತ್ರೆ ತ್ಯಾಜ್ಯದ ವಿಲೇವಾರಿ ಮುಂತಾದವುಗಳ ಕಾಗದಪತ್ರ ಸರಿಯಿಡಲು ಅವರು ವಕೀಲರನ್ನು ನೇಮಿಸಿಕೊಳ್ಳಬಲ್ಲರು. ಅದರಲ್ಲಿ ತಪ್ಪೇನಿಲ್ಲ. ಆದರೆ ದೇವದುರ್ಗದಿಂದಲೋ ಮಾನ್ವಿಯಿಂದಲೋ ಸಾಲ ಮಾಡಿ ರಾಯಚೂರಿಗೆ ಬರುವ ಬಡ ಕುಟುಂಬಕ್ಕೆ ಸಲಹೆ ನೀಡುವವರು ಯಾರು?

ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಿಂದಲೇ ಇದೆ. 2017ರಲ್ಲಿ ಅಂದಿನ ಆರೋಗ್ಯ ಸಚಿವ ರಮೇಶ್ ಕುಮಾರ್ ಅದನ್ನು ಬಿಗಿಗೊಳಿಸಲು ಹೊರಟಾಗ ಖಾಸಗಿ ವೈದ್ಯರು ಮುಷ್ಕರ ಹೂಡಿದರು. ಸರಕಾರ ಮಣಿಯಿತು, ತಿದ್ದುಪಡಿ ಸಡಿಲಗೊಂಡಿತು. ಆದರೂ ಉಳಿದುದು ಅಲ್ಪವೇನಲ್ಲ. ತುರ್ತು ಚಿಕಿತ್ಸೆಗೆ ಮುಂಗಡ ಹಣಕ್ಕಾಗಿ ಪಟ್ಟು ಹಿಡಿಯುವಂತಿಲ್ಲ. ಬಿಲ್ ಬಾಕಿಯಿದೆಯೆಂದು ಶವವನ್ನು ತಡೆದಿಡುವಂತಿಲ್ಲ. ದೂರು ಕೇಳಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರವಿದೆ. ಈ ಮಾತುಗಳು ನಮ್ಮ ಎಷ್ಟು ಮನೆಗಳಿಗೆ ತಲುಪಿವೆ? ತಿಳಿಯದವನ ಪಾಲಿಗೆ ಇರುವ ಹಕ್ಕೂ ಇಲ್ಲದಂತೆಯೇ.

ಇನ್ನು ಸರಕಾರದ ನ್ಯಾಯವನ್ನು ನೋಡಿ. ಖಾಸಗಿಯವರಿಗೆ ನಿಯಮ ಬರೆದ ಅದು ತನ್ನ ಆಸ್ಪತ್ರೆಗಳನ್ನು ಅದೇ ಕಾಯ್ದೆಯಿಂದ ಹೊರಗಿಟ್ಟಿದೆ. 2024ರ ನವೆಂಬರ್‌ನಲ್ಲಿ ನೆರೆಯ ಬಳ್ಳಾರಿಯ ಸರಕಾರಿ ಆಸ್ಪತ್ರೆಯಲ್ಲಿ ಬಾಣಂತಿಯರು ಒಬ್ಬರ ಹಿಂದೆ ಒಬ್ಬರಂತೆ ಅಸುನೀಗಿದರು. ಅವರಿಗೆ ನೀಡಿದ ಐವಿ ದ್ರಾವಣದ ಗುಣಮಟ್ಟದ ಬಗ್ಗೆ ಪ್ರಶ್ನೆಯೆದ್ದಿತು. ಔಷಧ ನಿಯಂತ್ರಕರು ಅಮಾನತಾದರು. ಜೀವ ಹೋದ ಮೇಲೆ ಎಚ್ಚರಗೊಳ್ಳುವ ನಿಯಂತ್ರಣ ಯಾರಿಗಾಗಿ?

ದೂಷಣೆಯಷ್ಟರಿಂದ ನಮ್ಮ ಹೊಣೆ ತೀರದು. ವೈದ್ಯಕೀಯ ಶಿಬಿರ ಏರ್ಪಡಿಸಿ ಫೋಟೋ ತೆಗೆಸಿಕೊಳ್ಳುವ ನಮ್ಮ ಸಂಘಟನೆಗಳು ಒಂದು ದೂರು ಬರೆದುಕೊಡುವ ಮೇಜನ್ನೇಕೆ ಇಡಬಾರದು? ನಮ್ಮಲ್ಲಿ ವಕೀಲರಾದ ಯುವಕ ಯುವತಿಯರಿದ್ದಾರೆ. ರೋಗಿಯ ದಾಖಲೆ ಕೇಳಿದರೆ ವೈದ್ಯರು 72 ಗಂಟೆಗಳೊಳಗೆ ನೀಡಬೇಕೆಂಬುದನ್ನು ಅವರು ಮೊಹಲ್ಲಾಗಳಿಗೆ ತಿಳಿಸಲಿ. ಹಣ ಪಡೆದು ನೀಡುವ ಚಿಕಿತ್ಸೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲಿಯೇ ತೀರ್ಪಿತ್ತಿದೆ. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಗ್ರಾಹಕ ಆಯೋಗದಲ್ಲಿ ದೂರಿಗೆ ಶುಲ್ಕವಿಲ್ಲ. ಆದರೆ ಎರಡು ವರ್ಷಗಳೊಳಗೆ ಸಲ್ಲಿಸಬೇಕು. 1987ರ ಕಾನೂನು ಸೇವೆಗಳ ಕಾಯ್ದೆಯಂತೆ ಮಹಿಳೆಯರು, ಅವರ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿಗೆ ಅರ್ಹರು.

ಹಾಗೆಂದು ವೈದ್ಯರ ಮೇಲೆ ಕೈ ಮಾಡುವುದು, ಆಸ್ಪತ್ರೆಯ ಗಾಜು ಒಡೆಯುವುದು ಹೋರಾಟವಲ್ಲ, ಅನ್ಯಾಯ. ಅದರಿಂದ ಸತ್ಯವೂ ಮುಚ್ಚಿಹೋಗುತ್ತದೆ. ಸಮುದಾಯದ ಹೆಸರಿನಲ್ಲಿ ನಡೆಯುವ ಚಿಕಿತ್ಸಾಲಯಗಳೂ ಮೊದಲು ತಮ್ಮ ನೋಂದಣಿಯನ್ನು, ದರಪಟ್ಟಿಯನ್ನು ಗೋಡೆಯ ಮೇಲೆ ತೂಗುಹಾಕಲಿ. ಇತರರಿಂದ ಲೆಕ್ಕ ಕೇಳುವವರು ತಮ್ಮ ಲೆಕ್ಕವನ್ನು ತೆರೆದಿಡಬೇಕಲ್ಲವೇ?