ಬೆಳ್ಳಗಿರುವುದೆಲ್ಲ ಬೂಷ್ಟಲ್ಲ

ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು ಹಿರಿಯರು ಹೇಳಿದ್ದಾರೆ. ಬೆಳ್ಳಗಿರುವುದೆಲ್ಲ ಬೂಷ್ಟೂ ಅಲ್ಲ, ಬೂಷ್ಟೆಲ್ಲವೂ ಕೇಡಲ್ಲ ಎಂಬ ಮಾತನ್ನು ಈ ತಿಂಗಳು ವಾಚಕ ಬಂಧುಗಳಲ್ಲಿ ನಿವೇದಿಸಿಕೊಳ್ಳಬೇಕೆಂದು ನಮಗೆ ಅನಿಸಿದೆ. ಅದಕ್ಕೆ ಕಾರಣವಾದದ್ದು ನಮ್ಮ ಕೌತಾಳಂ ಗ್ರಾಮದ ಒಂದು ಮನೆಯಲ್ಲಿ ಕಳೆದ ಶ್ರಾವಣದಲ್ಲಿ ನಡೆದ ಪ್ರಸಂಗ.

ಆಗ ಒಂದು ವಾರ ಬಿಡದೆ ಮೋಡ ಕವಿದಿತ್ತು. ಆರನೆಯ ತರಗತಿಯ ಬಾಲಕಿಯೊಬ್ಬಳು ಶಾಲೆ ಬಿಡುವ ಹೊತ್ತಿಗೆ ನಮ್ಮ ಬಳಿ ಬಂದು, ಅಜ್ಜಿ ಕರೆಯುತ್ತಾಳೆಂದು ತಿಳಿಸಿದಳು. ಹೋಗಿ ನೋಡಿದೆವು. ಪಡಸಾಲೆಯ ಮೂಲೆಯಲ್ಲಿ ಬಣ್ಣ ಬಳಿದ ಸಿಮೆಂಟಿನ ತುಳಸಿಯ ಕುಂಡ. ಮಣ್ಣಿನ ಮೇಲೆ ಹಿಂಜಿದ ಅರಳೆಯಂತೆ ಬಿಳಿಯ ನವಿರು ಹರಡಿತ್ತು. ಗಿಡದ ಎಲೆಗಳು ಹಳದಿಗೆ ತಿರುಗಿ ಬಾಗಿದ್ದವು.

"ಮಾಸ್ತರೇ, ತುಳಸಮ್ಮನ ಬುಡಕ್ಕ ಬೂಜು ಬಂದೈತ್ರಿ. ಸೊಸಿ ತವರಿಂದ ತಂದ ಗಿಡ. ಆಕಿ ಮನಿಗೆ ಬಂದ ವರ್ಷಾನೇ ಹಿಂಗಾತಲ್ಲ!" ಎಂದು ಆ ಹಿರಿಯಾಕೆ ಹಲುಬಿದರು. ಸಿರುಗುಪ್ಪದ ಕಡೆಯಿಂದ ಮದುವೆಯಾಗಿ ಬಂದ ಸೊಸೆ ಅಡುಗೆಮನೆಯ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಅಪಶಕುನದ ಮಾತು ಆಗಲೇ ಓಣಿಯನ್ನು ಮುಟ್ಟಿತ್ತೆಂದು ಆಕೆಯ ಮುಖವೇ ಹೇಳುತ್ತಿತ್ತು.

ಈ ಗಿಡಕ್ಕೆ ನೀರೆರೆಯುವವರಾರು ಎಂದು ಕೇಳಿದೆವು. ಬೆಳಿಗ್ಗೆ ಪೂಜೆಯ ನಂತರ ಒಂದು ತಂಬಿಗೆ, ಶುಕ್ರವಾರ ಸ್ವಲ್ಪ ಹಾಲು ಎಂದರು ಅತ್ತೆ. ಸಂಜೆ ದೀಪ ಹಚ್ಚುವಾಗ ತಾನೂ ಒಂದು ತಂಬಿಗೆ ಹಾಕುವೆನೆಂದು ಸೊಸೆ ಮೆಲ್ಲಗೆ ನುಡಿದಳು. "ನಾನೂ ಶಾಲೆಯಿಂದ ಬಂದ ಮೇಲೆ ಹಾಕ್ತೀನಿ ಸಾರ್. ಗಿಡಕ್ಕೆ ನೀರು ಬೇಕಂತ ನೀವೇ ಪಾಠ ಮಾಡಿದ್ರಿ" ಎಂದಳು ಬಾಲಕಿ. ಒಬ್ಬರು ಎರೆದದ್ದು ಇನ್ನೊಬ್ಬರಿಗೆ ತಿಳಿಯದು. ಕುಂಡವನ್ನು ವಾಲಿಸಿ ನೋಡಿದರೆ ತಳದ ರಂಧ್ರ ಬಣ್ಣ ಬಳಿಯುವಾಗಲೇ ಮುಚ್ಚಿಹೋಗಿತ್ತು. ಒಳಗೆ ತುಂಬಿದ್ದುದು ಹೊಲದ ಎರೆಮಣ್ಣು. ನೀರನ್ನು ಹಿಡಿದರೆ ಬೇಗನೆ ಬಿಡದ ಮಣ್ಣದು. ಮಳೆ ಕಡಿಮೆಯಿರುವ ನಮ್ಮ ಸೀಮೆಯಲ್ಲಿ ಒಂದು ಗಿಡ ನೀರು ಹೆಚ್ಚಾಗಿ ನರಳುತ್ತಿತ್ತು!

ಮನೆಯಲ್ಲಿ ಬೂಷ್ಟು, ನೆರೆಯ ತೆಲುಗರ ಬಾಯಲ್ಲಿ ಬೂಜು, ಪಾಠದ ಪುಸ್ತಕದಲ್ಲಿ ಶಿಲೀಂಧ್ರ ಎನಿಸಿಕೊಳ್ಳುವ ಇದು ತನ್ನ ಅನ್ನವನ್ನು ತಾನು ತಯಾರಿಸಿಕೊಳ್ಳಲಾರದ ಜೀವಿ. ಹಸಿ ಗೊಬ್ಬರ, ಉದುರಿದ ಎಲೆ, ಪೂಜೆಯ ಹೂವು, ಸುರಿದ ಹಾಲು, ಶೇಂಗಾ ಹಿಂಡಿ, ಬೇವಿನ ಹಿಂಡಿ ಇವೆಲ್ಲ ಅದಕ್ಕೆ ಆಹಾರ. ಅದರ ಬೀಜಕಣಗಳು ಗಾಳಿಯಲ್ಲಿ ಸದಾ ಇರುತ್ತವೆ. ತೇವ, ನೆರಳು ಮತ್ತು ಆಡದ ಗಾಳಿ ಒದಗಿದಲ್ಲಿ ನಾಲ್ಕಾರು ದಿನಗಳಲ್ಲಿ ನೂಲು ಬಿಡುತ್ತವೆ. ಮಣ್ಣಿನ ಮೇಲೆ ಕಾಣುವ ಈ ಸಾಮಾನ್ಯ ಬೂಷ್ಟು ಸತ್ತ ವಸ್ತುವನ್ನು ಕೊಳೆಯಿಸುವುದೇ ಹೊರತು ಬದುಕಿರುವ ಗಿಡವನ್ನು ತಿನ್ನುವುದು ಅಪರೂಪ. ಆ ಮನೆಯ ತುಳಸಿ ಸೊರಗಿದ್ದು ನಿಂತ ನೀರಿನಲ್ಲಿ ಬೇರಿಗೆ ಉಸಿರಾಡಲು ಗಾಳಿ ಸಿಗದೆ. ಬೂಷ್ಟು ಆ ಸುದ್ದಿಯನ್ನು ಮೇಲೆ ಬಂದು ತಿಳಿಸಿತು, ಅಷ್ಟೆ.

ಶಿಲೀಂಧ್ರಗಳೆಲ್ಲ ವೈರಿಗಳೆಂದು ತಿಳಿಯುವುದೂ ತಪ್ಪು. 1885ರಲ್ಲಿ ಜರ್ಮನಿಯ ಸಸ್ಯಶಾಸ್ತ್ರಜ್ಞ ಫ್ರಾಂಕ್ ಅವರು, ಬೇರಿನೊಡನೆ ಕೂಡಿ ಬಾಳಿ ಗಿಡಕ್ಕೆ ನೆರವಾಗುವ ಶಿಲೀಂಧ್ರಗಳನ್ನು ಕುರಿತು ಬರೆದು, ಆ ಜೊತೆಬಾಳಿಗೆ 'ಮೈಕೊರೈಜಾ' ಎಂದು ಹೆಸರಿಟ್ಟರು. ಇಂದು ರೈತರು ಗೊಬ್ಬರದಲ್ಲಿ ಬೆರೆಸುವ ಟ್ರೈಕೊಡರ್ಮ ಕೂಡ ಒಂದು ಶಿಲೀಂಧ್ರವೇ. ಮೊದಲು ಬೆಳ್ಳಗೆ ಹಬ್ಬಿ ಬಳಿಕ ಹಸಿರಾಗುವ ಅದು ರೋಗ ತರುವ ಶಿಲೀಂಧ್ರಗಳನ್ನು ಅಡಗಿಸುತ್ತದೆ.

ಆದ್ದರಿಂದ ಬಿಳುಪನ್ನು ಕಂಡೊಡನೆ ಗಾಬರಿಗೊಳ್ಳದೆ, ಅದು ಯಾವ ಬಿಳುಪು ಎಂದು ಪರೀಕ್ಷಿಸಬೇಕು. ಕಡ್ಡಿಯಿಂದ ಮುಟ್ಟಿದರೆ ನೂಲುನೂಲಾಗಿ ಮುದುಡುವುದು ಸಾಮಾನ್ಯ ಬೂಷ್ಟು. ಮರಳಿನಂತೆ ಗರಗರ ಎಂದು ಪುಡಿಯಾಗಿ ನೀರಿನಲ್ಲಿ ಕರಗುವುದಾದರೆ ಅದು ಉಪ್ಪು. ಕೊಳವೆಬಾವಿಯ ಸವುಳು ನೀರೆರೆಯುವ ಮನೆಗಳ ಕುಂಡಗಳ ಅಂಚಿನಲ್ಲಿ ಇದು ಹೆಪ್ಪುಗಟ್ಟುತ್ತದೆ. ಮೇಲಿನ ಪದರವನ್ನು ತೆಗೆದು, ಹಿಡಿದಿಟ್ಟ ಮಳೆಯ ನೀರನ್ನು ತಳದಿಂದ ಹರಿದುಹೋಗುವಷ್ಟು ಒಮ್ಮೆ ಹಾಯಿಸಿದರೆ ಉಪ್ಪು ತೊಳೆದುಹೋಗುತ್ತದೆ.

ಮೂರನೆಯ ಬಿಳುಪೊಂದಿದೆ. ಶೇಂಗಾ ಬೆಳೆಯುವ ನಮ್ಮ ರೈತರು ಅದನ್ನು ಬಲ್ಲರು. ಕಾಂಡದ ಬುಡವನ್ನೇ ಸುತ್ತಿಕೊಂಡು, ಬೀಸಣಿಗೆಯಂತೆ ಹಬ್ಬಿ, ನಡುನಡುವೆ ಸಾಸಿವೆ ಗಾತ್ರದ ಕಂದು ಕಾಳುಗಳನ್ನು ಕಟ್ಟುವ ಸ್ಕ್ಲೆರೋಷಿಯಂ ಎಂಬ ಶಿಲೀಂಧ್ರ ಅದು. ಇದು ಮಾತ್ರ ನಿಜವಾದ ಶತ್ರು. ಬುಡ ಕೊಳೆತು ಗಿಡ ಬಾಡಿ ಬೀಳುತ್ತದೆ. ಆ ಕಾಳುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುವುದರಿಂದ ಅಂಥ ಗಿಡವನ್ನು ಮಣ್ಣುಸಮೇತ ತೆಗೆದುಬಿಡಬೇಕು. ಅದನ್ನು ತಿಪ್ಪೆಗೂ ಹಾಕಬಾರದು, ಹೊಲಕ್ಕೂ ಚೆಲ್ಲಬಾರದು. ಈ ರೋಗ ಬಿದ್ದ ಹೊಲದ ಮಣ್ಣನ್ನು ಕುಂಡಕ್ಕೆ ತರಲೂಬಾರದು.

ಸಾಮಾನ್ಯ ಬೂಷ್ಟಿಗೆ ಔಷಧದ ಅಗತ್ಯವಿಲ್ಲ. ನೀರು ನಿಲ್ಲಿಸಿರಿ. ಮೇಲಿನ ಒಂದು ಅಂಗುಲ ಮಣ್ಣನ್ನು ಕೆರೆದು ತಿಪ್ಪೆಗೆ ಹಾಕಿರಿ. ಆಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿರಿ. ದಮ್ಮಿನ ರೋಗವುಳ್ಳವರು ಈ ಕೆಲಸವನ್ನು ಇತರರಿಗೆ ಬಿಡುವುದು ಲೇಸು. ಉಳಿದ ಮಣ್ಣನ್ನು ಸಡಿಲಿಸಿ, ಗಾಳಿ ಬೆಳಕು ಇರುವೆಡೆ ಕುಂಡವನ್ನಿರಿಸಿರಿ. ತಳದ ರಂಧ್ರವನ್ನು ಬಿಡಿಸಿರಿ. ಹೊಸದಾಗಿ ತುಂಬುವುದಾದರೆ 2 ಪಾಲು ಕೆಮ್ಮಣ್ಣು, 1 ಪಾಲು ಮರಳು, 1 ಪಾಲು ಚೆನ್ನಾಗಿ ಕಳಿತ ಗೊಬ್ಬರ ಸಾಕು. ಮುಂದೆ ನೀರೆರೆಯುವ ಮುನ್ನ ಬೆರಳನ್ನು ಎರಡು ಗೆಣ್ಣು ಇಳಿಸಿ ನೋಡಿರಿ. ತೇವ ತಗುಲಿದರೆ ಆ ದಿನ ನೀರು ಬೇಡ.

ಇದನ್ನು ನಾವು ಹುಟ್ಟಿನಿಂದಲೇ ಬಲ್ಲೆವೆಂದು ಯಾರೂ ತಿಳಿಯಬಾರದು. ಹಲವು ವರ್ಷಗಳ ಹಿಂದೆ ಶಾಲೆಯ ಜಗಲಿಯ ಕುಂಡಗಳಲ್ಲಿ ಇಂಥದೇ ಬೂಷ್ಟನ್ನು ಕಂಡು, ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿಯನ್ನು ನಾವೇ ಉದುರಿಸಿದ್ದೆವು. ಬೂಷ್ಟೂ ಹೋಯಿತು, ಕ್ರೋಟನ್ ಗಿಡಗಳೂ ಹೋದವು. ಮಕ್ಕಳ ಮುಂದೆ ಅಂದು ನಾವು ಪಟ್ಟ ನಾಚಿಕೆಯೇ ನಮಗೆ ಪಾಠವಾಯಿತು.

ಆ ಮನೆಯ ತುಳಸಿಗೆ ಮಣ್ಣು ಬದಲಿಸಿದೆವು. ಆದರೆ ಬೇರು ಬಹುತೇಕ ಕೊಳೆತಿದ್ದರಿಂದ ಗಿಡ ಉಳಿಯಲಿಲ್ಲ. ಅದರ ಒಣಗಿದ ತೆನೆಗಳನ್ನು ಉಜ್ಜಿ ಬೀಜ ತೆಗೆದು ಹೊಸ ಮಣ್ಣಿನಲ್ಲಿ ಚೆಲ್ಲುವಂತೆ ಸೊಸೆಗೆ ಹೇಳಿದೆವು. ನೀರಿನ ಹೊಣೆ ಒಬ್ಬರದೇ ಇರಲಿ ಎಂದಾಗ, ಹಿರಿಯಾಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಕೀನೇ ಹಾಕ್ಲಿ ಬಿಡ್ರಿ. ನಾ ಮೂರು ಹೂವು ಏರಿಸ್ತೀನಿ, ಸಾಕು" ಎಂದರು. ಕಾರ್ತಿಕದ ಉತ್ಥಾನ ದ್ವಾದಶಿಯ ಸಂಜೆ ನಮಗೆ ಆ ಮನೆಯಿಂದ ಪ್ರಸಾದ ಬಂದಿತು. ಗೇಣುದ್ದದ ಹೊಸ ಗಿಡಕ್ಕೇ ಮದುವೆ ಮಾಡಿದರಂತೆ. ಆರತಿ ಎತ್ತಿದವಳು ಸೊಸೆ ಎಂದು ಬಾಲಕಿ ತಿಳಿಸಿದಳು.

ಪ್ರಿಯ ವಾಚಕರೇ, ಮನೆಯಲ್ಲಿ ಗಿಡವೊಂದು ಬಾಡಿದರೆ, ಹಸು ಹಾಲು ಬಿಟ್ಟರೆ, ಮೊದಲು ಯಾರ ಕಾಲ್ಗುಣವೆಂದು ಎಣಿಸುವ ಅಭ್ಯಾಸ ನಮ್ಮಲ್ಲಿ ಇನ್ನೂ ಅಳಿದಿಲ್ಲ. ಹಾಗೆ ಎಣಿಸುವ ಮುನ್ನ ಕುಂಡದ ತಳವನ್ನೊಮ್ಮೆ ನೋಡುವ ತಾಳ್ಮೆ ನಮಗೆಲ್ಲರಿಗೂ ಇರಲಿ ಎಂಬುದೇ ನಮ್ಮ ವಿನಂತಿ.